ಏನಾಗಿದೆ, ಏನಾಗಬೇಕು

ಜಿಲ್ಲಾಸ್ಪತ್ರೆಯ ಓಪಿಡಿಯಲ್ಲಿ ಒಂದು ಬೆಳಗ್ಗೆ ನಿಂತರೆ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಕಿವಿಗೆ ಬೀಳುತ್ತವೆ. ಚೀಟಿ ಹಿಡಿದು ಒಳಗೆ ಹೋದವರನ್ನು ಡಾಕ್ಟರು ‘ಏನಾಗಿದೆ?’ ಎಂದು ಕೇಳುತ್ತಾರೆ. ಜೊತೆಗೆ ಬಂದವರನ್ನು ‘ಇವರು ನಿಮಗೆ ಏನಾಗಬೇಕು?’ ಎಂದು ಕೇಳುತ್ತಾರೆ. ಮೊದಲನೆಯದಕ್ಕೆ ಜ್ವರ, ಉಬ್ಬಸ, ಮಂಡಿನೋವು ಎಂಬ ಉತ್ತರ. ಎರಡನೆಯದಕ್ಕೆ ಅಮ್ಮ, ಭಾವ, ಪಕ್ಕದ ಮನೆಯವರು ಎಂಬ ಉತ್ತರ. ಅಲ್ಲಿಂದ ಮುಂದಿನ ಮಾತುಕತೆಯೆಲ್ಲ ಬಹುಪಾಲು ಡಾಕ್ಟರಿಗೂ ಜೊತೆಗೆ ಬಂದವರಿಗೂ ನಡುವೆಯೇ. ಸ್ಟೂಲಿನ ಮೇಲೆ ಕೂತವರು ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡುತ್ತಿರುತ್ತಾರೆ.

ಅಂಗಡಿಗೆ ಹೋಗಲಿ, ಬ್ಯಾಂಕಿಗೆ ಹೋಗಲಿ, ಕೌಂಟರಿನ ಆಚೆ ಕೂತವರು ‘ಏನಾಗಬೇಕಿತ್ತು?’ ಎಂದೇ ಮಾತು ಶುರುಮಾಡುತ್ತಾರೆ. ಕಾಯಿಲೆ ಬಿದ್ದವರಿಗೆ ಆ ಪ್ರಶ್ನೆ ಸಿಗುವುದು ಅಪರೂಪ. ‘ವ್ಯಕ್ತಿಕೇಂದ್ರಿತ ಆರೈಕೆ’ ಎಂಬ ತೂಕದ ಪದದ ತಿರುಳು ಈ ಒಂದು ಪ್ರಶ್ನೆಯಲ್ಲಿದೆ: ನಿಮಗೆ ಏನಾಗಿದೆ ಎಂದು ಗೊತ್ತಾಯಿತು, ಈಗ ನಿಮಗೆ ಏನಾಗಬೇಕು?

ಈ ಪದ ಈಗ ನರ್ಸಿಂಗ್ ಪಠ್ಯದಲ್ಲಿದೆ, ಆಸ್ಪತ್ರೆಗಳ ಕರಪತ್ರದಲ್ಲಿದೆ, ವೃದ್ಧಾಶ್ರಮಗಳ ಜಾಹೀರಾತಿನಲ್ಲೂ ಇದೆ. ಹಾಗೆಂದರೆ ಏನು ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ನಗುಮುಖದ ಸೇವೆ, ಎಸಿ ಕೋಣೆ, ರಿಸೆಪ್ಷನ್ನಿನಲ್ಲಿ ನಮಸ್ಕಾರ ಎಂದು ಕೆಲವರು ತಿಳಿದಿದ್ದಾರೆ. ರೋಗಿ ಕೇಳಿದ್ದನ್ನೆಲ್ಲ ಬರೆದುಕೊಡಬೇಕಾದೀತು ಎಂದು ಕೆಲವು ವೈದ್ಯರಿಗೆ ಅಳುಕಿದೆ. ಎರಡೂ ಸರಿಯಲ್ಲ. ವೈರಲ್ ಜ್ವರಕ್ಕೆ ಆಂಟಿಬಯೋಟಿಕ್ ಬೇಕೆಂದು ಹಟ ಹಿಡಿದವರಿಗೆ ಅದು ಯಾಕೆ ಬೇಡ ಎಂದು ಕೂರಿಸಿ ಹೇಳುವುದೂ ಇದೇ ಆರೈಕೆಯ ಭಾಗ. ಯಾವ ಔಷಧಿ ಕೆಲಸ ಮಾಡುತ್ತದೆ ಎಂಬುದನ್ನು ವೈದ್ಯಶಾಸ್ತ್ರ ಹೇಳಬೇಕು. ಆ ಔಷಧಿಯಿಂದ ಯಾವ ಕೆಲಸ ಆಗಬೇಕು ಎಂಬುದನ್ನು ಅದನ್ನು ನುಂಗುವವರು ಹೇಳಬೇಕು.

ದೇವಸ್ಥಾನದ ಮುಂದೆ ಹೂ ಮಾರುವ ಒಬ್ಬ ಹೆಂಗಸನ್ನು ಕಣ್ಣೆದುರಿಗೆ ತಂದುಕೊಳ್ಳಿ. ಬಿಪಿ ಇದೆ, ಕಾಲು ಊದಿಕೊಳ್ಳುತ್ತದೆ. ಪ್ರತಿ ತಿಂಗಳೂ ಮಾತ್ರೆ ಒಯ್ಯುತ್ತಾರೆ, ಪ್ರತಿ ತಿಂಗಳೂ ಬಿಪಿ ಏರಿಯೇ ಇರುತ್ತದೆ. ‘ಮಾತ್ರೆ ಸರಿಯಾಗಿ ತಗೊಳ್ತಾ ಇದೀರೇನಮ್ಮಾ?’ ಎಂದರೆ ‘ಹ್ಞೂಂ ಮೇಡಂ’ ಎನ್ನುತ್ತಾರೆ. ಚೀಟಿಯ ಮೇಲೆ ಇನ್ನೊಂದು ಮಾತ್ರೆ ಏರುತ್ತದೆ. ಒಂದು ದಿನ ಡಾಕ್ಟರು ಪ್ರಶ್ನೆ ಬದಲಾಯಿಸುತ್ತಾರೆ: ‘ಬೆಳಗ್ಗೆ ಎದ್ದಾಗಿಂದ ಏನೇನು ಕೆಲಸ ಮಾಡ್ತೀರಿ, ಸ್ವಲ್ಪ ಹೇಳಿ.’ ಆಗ ಹೊರಗೆ ಬರುತ್ತದೆ: ‘ನಾಲ್ಕಕ್ಕೆ ಏಳ್ತೀನಿ. ಮಾರ್ಕೆಟ್ಟಿಗೆ ಹೋಗಿ ಹೂವ ತಂದು ಕಟ್ಕೊಂಡು ಆರಕ್ಕೆಲ್ಲ ಗುಡಿ ಮುಂದೆ ಕೂತಿರ್ಬೇಕು. ಮಧ್ಯಾಹ್ನ ಒಂದರವರೆಗೂ ಎದ್ದೇಳೋ ಹಂಗಿಲ್ಲ. ಆ ನೀರಿನ ಮಾತ್ರೆ ನುಂಗಿದ್ರೆ ಗಳಿಗೆಗೊಂದ್ಸಲ ಹೋಗ್ಬೇಕು. ಅಲ್ಲೆಲ್ಲಿ ಹೋಗ್ಲಿ ಮೇಡಂ?’

ಸುತ್ತಮುತ್ತ ಶೌಚಾಲಯ ಇಲ್ಲ. ಬುಟ್ಟಿ ಬಿಟ್ಟು ಹೋದರೆ ವ್ಯಾಪಾರ ಇಲ್ಲ. ಆದ್ದರಿಂದ ಮಾತ್ರೆ ಡಬ್ಬಿಯಲ್ಲೇ ಉಳಿಯುತ್ತದೆ. ‘ಹೇಳಿದ ಮಾತು ಕೇಳದ ಪೇಷಂಟು’ ಎಂಬ ಹಣೆಪಟ್ಟಿಯ ಹಿಂದೆ ಇದ್ದದ್ದು ಇಷ್ಟು. ನೀರಿನ ಮಾತ್ರೆಯನ್ನು ಮನೆಗೆ ಮರಳಿದ ಮೇಲೆ ಮಧ್ಯಾಹ್ನ ತೆಗೆದುಕೊಳ್ಳುವಂತೆ ಮಾಡಬಹುದು, ಅಥವಾ ಬಿಪಿಗೆ ಬೇರೆ ಬಗೆಯ ಮಾತ್ರೆ ನೋಡಬಹುದು. ವೈದ್ಯರ ಬಳಿ ಉತ್ತರ ಮೊದಲಿನಿಂದಲೂ ಇತ್ತು, ಆಕೆಯ ದಿನಚರಿ ಮಾತ್ರ ಗೊತ್ತಿರಲಿಲ್ಲ.

ಈ ವಿಚಾರ ಇಂದು ನಿನ್ನೆಯದಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1951ರಲ್ಲಿ ‘ಕ್ಲೈಂಟ್ ಸೆಂಟರ್ಡ್ ಥೆರಪಿ’ ಎಂಬ ಪುಸ್ತಕ ತಂದರು. ಎದುರಿಗೆ ಕೂತವರ ಬದುಕಿನ ಬಗ್ಗೆ ಹೆಚ್ಚು ಬಲ್ಲವರು ಅವರೇ, ಸಲಹೆಗಾರರ ಕೆಲಸ ಅವರ ಜೊತೆಗಿದ್ದು ಕೇಳುವುದು ಎಂಬುದು ಅವರ ನಿಲುವು. ಹಂಗೇರಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಮೈಕೆಲ್ ಬ್ಯಾಲಿಂಟ್ ಇದನ್ನು ಸಾಮಾನ್ಯ ವೈದ್ಯರ ಕೋಣೆಗೆ ತಂದರು. ಕಾಯಿಲೆಯ ಸುತ್ತ ಸುತ್ತುವ ವೈದ್ಯಕ್ಕೂ ರೋಗಿಯ ಸುತ್ತ ಸುತ್ತುವ ವೈದ್ಯಕ್ಕೂ ಇರುವ ವ್ಯತ್ಯಾಸವನ್ನು 1969ರಲ್ಲಿ ಬಿಡಿಸಿ ಬರೆದರು. 2012ರಲ್ಲಿ ಮೈಕೆಲ್ ಬ್ಯಾರಿ ಮತ್ತು ಸೂಸನ್ ಎಡ್ಜ್‌ಮನ್ ಲೆವಿಟನ್ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಒಂದು ಚಿಕ್ಕ ಲೇಖನ ಬರೆದು, ವೈದ್ಯರು ಕಾಯಿಲೆ ಏನೆಂದು ಕೇಳುವುದರ ಜೊತೆಗೆ ರೋಗಿಗೆ ಯಾವುದು ಮುಖ್ಯ ಎಂದೂ ಕೇಳಬೇಕು ಎಂದರು. ಅನೇಕ ದೇಶಗಳ ಆಸ್ಪತ್ರೆಗಳು ಅದನ್ನೇ ಘೋಷವಾಕ್ಯ ಮಾಡಿಕೊಂಡವು.

‘ಇದೆಲ್ಲ ಕೇಳೋಕೆ ಚೆನ್ನಾಗಿದೆ, ಟೈಮ್ ಎಲ್ಲಿದೆ?’ ಎಂದು ನಮ್ಮ ವೈದ್ಯರು ಕೇಳಿದರೆ ಆ ಮಾತಿನಲ್ಲಿ ಸತ್ಯವಿದೆ. 67 ದೇಶಗಳ ಮಾಹಿತಿ ಕಲೆಹಾಕಿ 2017ರಲ್ಲಿ ‘ಬಿಎಂಜೆ ಓಪನ್’ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ರಾಥಮಿಕ ಹಂತದ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದಲ್ಲಿ ಸುಮಾರು ಎರಡು ನಿಮಿಷ. ಬಾಗಿಲಾಚೆ ನೂರು ಜನ ಸಾಲುಗಟ್ಟಿ ನಿಂತಿರುವಾಗ ಒಬ್ಬರ ಬದುಕಿನ ಕಥೆ ಕೇಳುತ್ತಾ ಕೂರಿ ಎನ್ನುವುದು ವೈದ್ಯರಿಗೆ ಮಾಡುವ ಅನ್ಯಾಯ.

ಆದರೂ ಕಥೆಗೆ ಎಷ್ಟು ಹೊತ್ತು ಬೇಕು ಎಂದು ಯಾರಾದರೂ ಅಳೆದಿದ್ದಾರೆಯೇ? ಅಳೆದಿದ್ದಾರೆ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ 74 ಭೇಟಿಗಳ ಧ್ವನಿಮುದ್ರಣ ಕೇಳಿದಾಗ, ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ವೈದ್ಯರು ನಡುವೆ ಬಾಯಿ ಹಾಕುತ್ತಿದ್ದುದು ಕಂಡಿತು. ತಾವು ಹೇಳಬೇಕೆಂದು ಬಂದದ್ದನ್ನು ಪೂರ್ತಿ ಹೇಳಿ ಮುಗಿಸಿದವರು ಕಾಲುಭಾಗಕ್ಕಿಂತ ಕಡಿಮೆ. 2002ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇದನ್ನು ತಿರುವುಮುರುವು ಮಾಡಿ ನೋಡಿದರು. ರೋಗಿ ತಾನಾಗಿ ನಿಲ್ಲಿಸುವವರೆಗೆ ವೈದ್ಯರು ಸುಮ್ಮನೆ ಕೇಳಬೇಕು, ಸ್ಟಾಪ್‌ವಾಚ್ ಓಡುತ್ತಿರಬೇಕು. 335 ರೋಗಿಗಳು ಮಾತಾಡಿದ್ದು ಸರಾಸರಿ 92 ಸೆಕೆಂಡು. ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ ಮುಗಿಸಿದ್ದರು. ಐದು ನಿಮಿಷ ಮೀರಿದವರು ಏಳೇ ಜನ. ಒಂದೂವರೆ ನಿಮಿಷ ನಮ್ಮ ಎರಡು ನಿಮಿಷದ ಓಪಿಡಿಗೆ ಇನ್ನೂ ದೊಡ್ಡ ಗಂಟೇ ಹೌದು. ಆದರೆ ಮೂರು ತಿಂಗಳು ಡಬ್ಬಿಯಲ್ಲೇ ಉಳಿಯುವ ಮಾತ್ರೆಗೆ, ಮತ್ತೆ ಮತ್ತೆ ಸಾಲಿನಲ್ಲಿ ನಿಲ್ಲುವ ಅದೇ ರೋಗಿಗೆ ಹೋಗುವ ಸಮಯವನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲ.

ರೋಗಿಯ ಸೇವೆಗೆ ಕನ್ನಡದಲ್ಲಿ ‘ಶುಶ್ರೂಷೆ’ ಎನ್ನುತ್ತೇವೆ. ಸಂಸ್ಕೃತದ ಆ ಪದದ ಮೂಲಾರ್ಥ ‘ಕೇಳಬೇಕೆಂಬ ಬಯಕೆ’. ಕಿವಿಗೊಡುವುದೇ ಅಲ್ಲಿ ಸೇವೆಯ ಮೊದಲ ಅರ್ಥ. ಬಾಸೆಲ್‌ನ ಸ್ಟಾಪ್‌ವಾಚಿಗಿಂತ ಬಹಳ ಮೊದಲೇ ಅದು ನಮ್ಮ ಮಾತಿನೊಳಗೆ ಬಂದು ಕೂತಿದೆ.

ಹೇಳಿಕೊಳ್ಳಲು ಬಾಯಿ ಬಾರದವರ ಗತಿ ಏನು? ಈ ಪ್ರಶ್ನೆಯನ್ನು ಎಲ್ಲರಿಗಿಂತ ಆಳಕ್ಕೆ ಒಯ್ದವರು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡ್ ವಿಶ್ವವಿದ್ಯಾಲಯದ ಟಾಮ್ ಕಿಟ್‌ವುಡ್. ಡಿಮೆನ್ಷಿಯಾ, ಅಂದರೆ ಮರೆಗುಳಿ ಕಾಯಿಲೆ, ಬಂದವರನ್ನು ಬರೀ ಸವೆದ ಮಿದುಳು ಎಂದು ನೋಡುವ ರೂಢಿಯನ್ನು ಅವರು ಪ್ರಶ್ನಿಸಿದರು. 1997ರ ಅವರ ‘ಡಿಮೆನ್ಷಿಯಾ ರೀಕನ್ಸಿಡರ್ಡ್’ ಪುಸ್ತಕದ ವಾದ ಇದು: ಆ ವ್ಯಕ್ತಿ ಕುಗ್ಗುವುದಕ್ಕೆ ಮಿದುಳಿನ ಹಾನಿಯಷ್ಟೇ ಸುತ್ತಲಿನವರ ನಡವಳಿಕೆಯೂ ಕಾರಣ. ಅಂಥ ಹದಿನೇಳು ನಡವಳಿಕೆಗಳನ್ನು ಅವರು ಪಟ್ಟಿ ಮಾಡಿದರು. ಮಗುವಿನಂತೆ ಮಾತಾಡಿಸುವುದು, ಎದುರಿಗಿದ್ದಾಗಲೇ ಇಲ್ಲದವರಂತೆ ಅವರ ಬಗ್ಗೆ ಮಾತಾಡುವುದು, ಅವರಿಗೆ ಹಿಡಿಯಲಾಗದಷ್ಟು ಬೇಗ ಬೇಗ ಹೇಳುವುದು, ಅವರ ಕೈಲಾಗುವ ಕೆಲಸವನ್ನೂ ಕಿತ್ತುಕೊಂಡು ನಾವೇ ಮಾಡುವುದು. ಇದನ್ನೆಲ್ಲ ಮಾಡುವವರು ಕೆಟ್ಟವರಲ್ಲ, ಒಳ್ಳೆಯ ಮನಸ್ಸಿನವರೂ ತಿಳಿಯದೆ ಮಾಡುತ್ತಾರೆ ಎಂಬುದನ್ನೂ ಅವರು ಒತ್ತಿ ಹೇಳಿದರು. ಆ ಪಟ್ಟಿ ಓದಿದ ಯಾರಿಗಾದರೂ ತಮ್ಮ ಮನೆಯ ನಡುಮನೆ ಕಾಣದೆ ಇರದು.

ಒಂದು ವಾರ್ಡನ್ನು ನೆನೆದುಕೊಳ್ಳಿ. ಎಂಬತ್ತು ದಾಟಿದ ಅಜ್ಜಿ ದಿನಾ ನಸುಕಿನಲ್ಲಿ ಎದ್ದು ಬಾಗಿಲ ಕಡೆಗೆ ಹೊರಡುತ್ತಾರೆ. ಸಿಸ್ಟರ್ ಹಿಡಿದು ತಂದು ಮಲಗಿಸುತ್ತಾರೆ. ಅಜ್ಜಿ ಕೊಸರಾಡುತ್ತಾರೆ, ಕೂಗುತ್ತಾರೆ. ಕೇಸ್ ಶೀಟಿನಲ್ಲಿ ‘ಗಲಾಟೆ, ಅಲೆದಾಟ’ ಎಂದು ಬೀಳುತ್ತದೆ. ಮರುದಿನ ನಿದ್ದೆ ಮಾತ್ರೆ, ಅದರ ಮರುದಿನ ಕೈಗೆ ಕಟ್ಟು. ಊರಿಂದ ಬಂದ ಸೊಸೆ ಹೇಳುವವರೆಗೆ ಯಾರಿಗೂ ಗೊತ್ತಿರುವುದಿಲ್ಲ: ‘ನಮ್ಮತ್ತೆ ಐವತ್ತು ವರ್ಷ ನಾಲ್ಕೂವರೆಗೇ ಎದ್ದು ಹಾಲು ಕರೆದೋರು ಕಣಮ್ಮಾ. ಕೊಟ್ಟಿಗೆಗೆ ಹೊರಟಿರ್ತಾರೆ.’ ಅಲೆದಾಟ ಎಂದು ಬರೆದದ್ದು ಆಕೆಯ ಮಟ್ಟಿಗೆ ಬೆಳಗಿನ ಕೆಲಸ. ಅಷ್ಟು ತಿಳಿದ ಸಿಸ್ಟರ್ ಜೊತೆಯಲ್ಲೇ ವರಾಂಡದಲ್ಲಿ ನಾಲ್ಕು ಹೆಜ್ಜೆ ನಡೆದು, ‘ಹಾಲು ಕರೆದಾಯ್ತಜ್ಜಿ, ಡೈರಿಗೂ ಹಾಕಿ ಬಂದ್ರು, ಬನ್ನಿ ಕಾಫಿ ಕುಡಿಯೋಣ’ ಎನ್ನಬಹುದು. ಕಾಯಿಲೆ ಹೋಗಿಲ್ಲ. ಆದರೆ ಮಾತ್ರೆಯೂ ಕಟ್ಟೂ ಬೇಕಾಗಲಿಲ್ಲ.

ಆ ಸೊಸೆಯಿಂದ ಈ ಚರ್ಚೆ ನಮ್ಮ ನೆಲಕ್ಕೆ ಇಳಿಯುತ್ತದೆ. ಪಶ್ಚಿಮದ ಪುಸ್ತಕಗಳಲ್ಲಿ ‘ವ್ಯಕ್ತಿ’ ಎಂದರೆ ಒಬ್ಬರು. ನಮ್ಮಲ್ಲಿ ಆಸ್ಪತ್ರೆಗೆ ಒಬ್ಬರೇ ಬರುವುದೇ ಇಲ್ಲ. ಇದು ನಮ್ಮ ದೊಡ್ಡ ಬಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಬೀಗದೊಳಗಿನ ಚಿಕಿತ್ಸೆಯೇ ರೂಢಿಯಾಗಿದ್ದ ಕಾಲದಲ್ಲಿ ಅದು ಧೈರ್ಯದ ಕೆಲಸ. ಮುಂದೆ ಬೆಂಗಳೂರಿನ ನಿಮ್ಹಾನ್ಸ್ ಕೂಡ ಕುಟುಂಬವನ್ನು ಚಿಕಿತ್ಸೆಯ ಒಳಗೆ ತಂದು, ಅದಕ್ಕೆಂದೇ ಪ್ರತ್ಯೇಕ ಕೇಂದ್ರ ನಡೆಸಿಕೊಂಡು ಬಂದಿದೆ.

ಅದೇ ಕುಟುಂಬ ಕೆಲವೊಮ್ಮೆ ಗೋಡೆಯೂ ಆಗುತ್ತದೆ. ‘ಕ್ಯಾನ್ಸರ್ ಅಂತ ಅಪ್ಪನಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ, ಎದೆ ಒಡ್ಕೊಂಡುಬಿಡ್ತಾರೆ’ ಎಂದು ಮಗ ಕಾರಿಡಾರಿನಲ್ಲಿ ಕೈಮುಗಿಯುತ್ತಾನೆ. ಪ್ರೀತಿಯಿಂದಲೇ ಬಂದ ಮಾತದು. ಅಪ್ಪನಿಗೆ ಮಾತ್ರ, ಕೂದಲು ಉದುರುತ್ತಿದೆ, ಮಗಳು ಊರಿಂದ ಓಡಿ ಬಂದಿದ್ದಾಳೆ, ಯಾರೂ ಕಣ್ಣಿಗೆ ಕಣ್ಣು ಕೊಡುತ್ತಿಲ್ಲ ಎಂಬುದೆಲ್ಲ ಕಾಣುತ್ತಿರುತ್ತದೆ. ಜಮೀನಿನ ಪತ್ರ, ತಂಗಿಯ ಜೊತೆಗಿನ ಹಳೆಯ ಮನಸ್ತಾಪ, ಧರ್ಮಸ್ಥಳಕ್ಕೆ ಹೊತ್ತ ಹರಕೆ, ಎಲ್ಲ ಹಾಗೇ ಉಳಿದುಬಿಡುತ್ತವೆ. ನೋವುಶಾಮಕ ಆರೈಕೆಯಲ್ಲಿ ಪಳಗಿದವರು ಇಲ್ಲಿ ಮಗನನ್ನು ಗದರುವುದಿಲ್ಲ, ಅಪ್ಪನ ಮೇಲೆ ಸುದ್ದಿಯನ್ನು ಹೇರುವುದೂ ಇಲ್ಲ. ಅಪ್ಪನ ಪಕ್ಕ ಕೂತು ಕೇಳುತ್ತಾರೆ: ‘ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಏನನ್ನಿಸ್ತಿದೆ? ಎಲ್ಲ ವಿವರ ನಿಮಗೇ ಹೇಳಲಾ, ಮನೆಯವರಿಗೆ ಹೇಳಿದ್ರೆ ಸಾಕಾ?’ ಕೆಲವರು ‘ಎಲ್ಲ ಹೇಳಿ’ ಎನ್ನುತ್ತಾರೆ. ಕೆಲವರು ‘ನನ್ನ ಮಗ ನೋಡ್ಕೋತಾನೆ, ಅವನ ಹತ್ರ ಮಾತಾಡಿ’ ಎನ್ನುತ್ತಾರೆ. ಎರಡನೆಯದೂ ಆ ವ್ಯಕ್ತಿಯದೇ ತೀರ್ಮಾನ. ತಾನೇ ನಿರ್ಧರಿಸಲೇಬೇಕು ಎಂದು ಬಲವಂತ ಮಾಡುವುದರಲ್ಲೂ ವ್ಯಕ್ತಿಗೌರವ ಇಲ್ಲ.

ಈ ಬಗೆಯ ಆರೈಕೆಗೆ ಬುನಾದಿ ಹಾಕಿದವರು ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್. ನರ್ಸ್ ಆಗಿ, ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ರೋಗಿಗಳನ್ನು ಮೂರು ಕಡೆಯಿಂದಲೂ ಕಂಡವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್, ಅಂದರೆ ಸಾವಿನಂಚಿನ ರೋಗಿಗಳ ಆರೈಕೆಯ ಮನೆ, ತೆರೆದರು. ಮೈನೋವು, ಮನಸ್ಸಿನ ನೋವು, ಸಂಸಾರದ ಚಿಂತೆ, ದೇವರ ಮೇಲಿನ ಮುನಿಸು ಎಲ್ಲ ಸೇರಿ ಒಂದೇ ನೋವು ಎಂದು ಅವರು ಕಲಿಸಿದರು. ಆ ಪಾಠವನ್ನು ಅಕ್ಷರಶಃ ಬೀದಿಗೆ ತಂದದ್ದು ನಮ್ಮ ನೆರೆಯ ಕೋಳಿಕ್ಕೋಡು. 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಗೆಳೆಯರು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಕಟ್ಟಿದ ಸಂಘ ಕೆಲವೇ ವರ್ಷಗಳಲ್ಲಿ ಹಳ್ಳಿಹಳ್ಳಿಯ ಸ್ವಯಂಸೇವಕರ ಜಾಲವಾಯಿತು. ತರಬೇತಿ ಪಡೆದ ನೆರೆಹೊರೆಯವರೇ ನರ್ಸ್ ಜೊತೆ ಮನೆಗೆ ಹೋಗುತ್ತಾರೆ. ಹುಣ್ಣು ತೊಳೆಯುತ್ತಾರೆ, ನೋವಿಗೆ ಔಷಧಿ ಕೊಡಿಸುತ್ತಾರೆ. ಅಡುಗೆಮನೆಯಲ್ಲಿ ಅಕ್ಕಿ ಇದೆಯೇ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದೂ ನೋಡುತ್ತಾರೆ. ಮಾರ್ಫಿನ್ ಮಾತ್ರೆಯಷ್ಟೇ ಮುಖ್ಯವಾಗಿ ಅಕ್ಕಿಯ ಚೀಲವೂ ಅಲ್ಲಿ ಚಿಕಿತ್ಸೆಯ ಭಾಗ. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ನೀತಿಯಾಗಿ ಒಪ್ಪಿಕೊಂಡಿತು. ಬೆಂಗಳೂರಿನಲ್ಲಿ ‘ಕರುಣಾಶ್ರಯ’ 1990ರ ದಶಕದಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ.

ಸಾವಿನ ಮನೆಯಷ್ಟೇ ಅಲ್ಲ, ಹೆರಿಗೆಯ ಕೋಣೆಯೂ ಇದೇ ಪ್ರಶ್ನೆ ಕೇಳುತ್ತದೆ. ಲೇಬರ್ ವಾರ್ಡಿನ ಬಾಗಿಲಲ್ಲಿ ಅಮ್ಮನನ್ನೋ ಅಕ್ಕನನ್ನೋ ತಡೆದು, ಚೊಚ್ಚಲ ಬಸುರಿಯೊಬ್ಬಳನ್ನೇ ಒಳಗೆ ಕಳಿಸುವುದು ನಮ್ಮಲ್ಲಿ ಎಷ್ಟೋ ವರ್ಷ ನಿಯಮವೇ ಆಗಿತ್ತು. ಹೆರಿಗೆ ಮುಗಿಯುವವರೆಗೂ ಜೊತೆಗಾರರಿದ್ದರೆ ಸಹಜ ಹೆರಿಗೆ ಹೆಚ್ಚುತ್ತದೆ, ನೋವಿನ ಅವಧಿ ತುಸು ಕಡಿಮೆಯಾಗುತ್ತದೆ, ಸಿಸೇರಿಯನ್ ಇಳಿಯುತ್ತದೆ ಎಂದು 15 ಸಾವಿರಕ್ಕೂ ಹೆಚ್ಚು ತಾಯಂದಿರನ್ನು ಒಳಗೊಂಡ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಪರಾಮರ್ಶೆ ತೋರಿಸಿದೆ. 2016ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ಸಮಯದಲ್ಲಿ ಮನೆಯ ಹೆಂಗಸೊಬ್ಬರು ಜೊತೆಗಿರಲು ಅನುಮತಿ ಕೊಟ್ಟಿತು. ಕೈ ಹಿಡಿದುಕೊಳ್ಳಲು ಒಬ್ಬರು ಬೇಕು ಎಂಬ ಅತಿ ಹಳೆಯ ಬೇಡಿಕೆಗೆ ಆದೇಶವೇ ಬೇಕಾಯಿತು. ಆದೇಶ ಬಂದಿದೆ ಎಂಬುದು ಪ್ರತಿ ಬಸುರಿಯ ಮನೆಯವರಿಗೂ ತಿಳಿದಿರಬೇಕು.

ಆರೈಕೆ ಮಾಡುವವರಿಗೂ ಒಂದು ಬದುಕಿದೆ. ಒಂದೇ ರಾತ್ರಿಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಳ್ಳುವ ಸಿಸ್ಟರ್ ಅಜ್ಜಿಯ ಜೊತೆ ವರಾಂಡದಲ್ಲಿ ನಡೆಯುವುದಾದರೂ ಹೇಗೆ? ನೆದರ್‌ಲೆಂಡ್ಸ್‌ನಲ್ಲಿ ಮನೆ ಆರೈಕೆಯನ್ನು ಸ್ನಾನಕ್ಕಿಷ್ಟು ನಿಮಿಷ, ಇಂಜೆಕ್ಷನ್ನಿಗಿಷ್ಟು ನಿಮಿಷ ಎಂದು ತುಂಡು ಮಾಡಿ, ದಿನಕ್ಕೊಬ್ಬ ಹೊಸ ಮುಖವನ್ನು ಕಳಿಸುವ ಪದ್ಧತಿ ಬೆಳೆದಿತ್ತು. ಸ್ವತಃ ನರ್ಸ್ ಆಗಿದ್ದ ಯೋಸ್ ದೆ ಬ್ಲೋಕ್ ಅದಕ್ಕೆ ಬೇಸತ್ತು 2006ರಲ್ಲಿ ‘ಬ್ಯುರ್ಟ್‌ಜೋರ್ಗ್’ ಶುರುಮಾಡಿದರು. ಹನ್ನೆರಡು ಜನ ಮೀರದ ನರ್ಸ್ ತಂಡ, ಒಂದು ಬಡಾವಣೆ, ಮೇಲೆ ಮ್ಯಾನೇಜರ್ ಇಲ್ಲ, ಪಾಳಿಯನ್ನು ತಂಡವೇ ಹಾಕಿಕೊಳ್ಳುತ್ತದೆ. ಮೊದಲ ಭೇಟಿಯಲ್ಲಿ ಕಾಫಿ ಕುಡಿಯುತ್ತಾ ಮಾತು. ನೆರೆಯವರು, ಮಕ್ಕಳು ಯಾರು ಏನು ನೆರವಾಗಬಲ್ಲರು ಎಂದು ತಿಳಿದುಕೊಂಡು ಆಮೇಲೆ ಆರೈಕೆಯ ಯೋಜನೆ. ಕೆಲವೇ ವರ್ಷಗಳಲ್ಲಿ ಸಾವಿರಾರು ನರ್ಸ್‌ಗಳು ಅಲ್ಲಿ ಸೇರಿದರು. ನಮ್ಮ ಆಶಾ ಕಾರ್ಯಕರ್ತೆಯರಿಗೆ ಬಡಾವಣೆಯ ಪ್ರತಿ ಮನೆಯೂ ಗೊತ್ತು. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರ ಬೆರಳ ತುದಿಯಲ್ಲಿದೆ. ಆ ತಿಳಿವಳಿಕೆಗೆ ತಕ್ಕ ಸಂಬಳ, ಮಾತಿಗೆ ತಕ್ಕ ಬೆಲೆ ಸಿಕ್ಕರೆ ವ್ಯಕ್ತಿಕೇಂದ್ರಿತ ಆರೈಕೆಗೆ ಹೊರದೇಶದ ಮಾದರಿ ಹುಡುಕಬೇಕಾಗಿಲ್ಲ.

ಕಾನೂನು ಈಗಾಗಲೇ ಒಂದು ಹೆಜ್ಜೆ ಮುಂದಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮುಂದೆ ಮಾನಸಿಕ ಕಾಯಿಲೆ ಬಿಗಡಾಯಿಸಿದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ವಯಸ್ಕರು ಯಾರಾದರೂ ಮುಂಚಿತವಾಗಿ ಬರೆದಿಡಬಹುದು. ಬದುಕಿನ ಕೊನೆಯ ಹಂತದ ಚಿಕಿತ್ಸೆಯ ಬಗ್ಗೆ ಇಂಥದೇ ಹಕ್ಕನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ರಾಜ್ಯದಲ್ಲಿ ಜಾರಿಗೆ ತರಲು ಆದೇಶ ಹೊರಡಿಸಿತು. ‘ನನಗೆ ಏನಾಗಬೇಕು’ ಎಂದು ಹೇಳಿಡಲು ಕಾಗದವೂ ಇದೆ, ಕಾನೂನೂ ಇದೆ. ಊಟದ ಹೊತ್ತಿಗೆ ಮನೆಯವರೆಲ್ಲ ಕೂತಾಗ ಆ ಮಾತು ಎತ್ತುವುದೇ ಕಷ್ಟದ ಕೆಲಸ.

ಅಷ್ಟು ದೂರ ಹೋಗಲಾರದವರು ಇನ್ನೂ ಚಿಕ್ಕದರಿಂದ ಶುರುಮಾಡಬಹುದು. ಬ್ರಿಟನ್ನಿನ ಆಲ್ಝೈಮರ್ಸ್ ಸೊಸೈಟಿ ‘ದಿಸ್ ಈಸ್ ಮಿ’ ಎಂಬ ಸರಳ ಕರಪತ್ರವೊಂದನ್ನು ಮಾಡಿದೆ. ಮರೆವಿನ ಕಾಯಿಲೆ ಇರುವವರು ಆಸ್ಪತ್ರೆಗೆ ಸೇರುವಾಗ ಮನೆಯವರು ಅದನ್ನು ತುಂಬಿ ಕೊಡುತ್ತಾರೆ. ಕಾಯಿಲೆಯ ಚರಿತ್ರೆ ಕೇಸ್ ಶೀಟಿನಲ್ಲಿರುತ್ತದೆ, ಇದರಲ್ಲಿರುವುದು ಆ ವ್ಯಕ್ತಿ. ಕನ್ನಡದಲ್ಲಿ ಅದಕ್ಕೆ ಅಚ್ಚು ಬೇಕಾಗಿಲ್ಲ, ಮಕ್ಕಳ ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಆ ಸೊಸೆ ಬರೆದು ಮಂಚದ ತಲೆಯ ಬಳಿ ಅಂಟಿಸಿದ್ದರೆ ಹೀಗಿರುತ್ತಿತ್ತೇನೋ: ಹೆಸರು ಹಿಡಿದರೆ ಓಗೊಡುವುದಿಲ್ಲ, ‘ಅವ್ವಾ’ ಅನ್ನಿ. ಎಡಗಿವಿ ಕೇಳಿಸುತ್ತದೆ, ಆ ಕಡೆ ನಿಂತು ಮಾತಾಡಿ. ಚಮಚದಲ್ಲಿ ತಿನ್ನಿಸಿದರೆ ಉಗುಳುತ್ತಾರೆ, ಅನ್ನ ಕಲಸಿ ಕೈಗೆ ಕೊಟ್ಟರೆ ತಾವೇ ಉಣ್ಣುತ್ತಾರೆ. ನಾಲ್ಕೂವರೆಗೆ ಎದ್ದು ಹೊರಟರೆ ಹೆದರಬೇಡಿ, ಹಾಲು ಕರೆಯಲು ಹೋಗುತ್ತಿದ್ದಾರೆ, ಹಸುವಿನ ಹೆಸರು ಗೌರಿ.